ಅಳತೆ ಕಂಬಕ್ಕೆ ಅರಿಶಿನ ಕುಂಕುಮ

ಗೆಳೆಯರೇ, ಇವತ್ತು ಬೆಳಿಗ್ಗೆ ದೇವರ ಮುಖ ಉಜ್ಜಿ ಬೈಸಿಕೊಂಡೆ.

ತಿ. ನರಸೀಪುರದಲ್ಲಿ ಕಪಿಲಾ ನದಿಯ ಮೆಟ್ಟಿಲ ಪಕ್ಕ ನೀರಿನ ಮಟ್ಟ ತೋರಿಸುವ ಕಲ್ಲುಕಂಬವೊಂದಿದೆ. ನೀರು ಅದರ ನಾಲ್ಕನೇ ಗೆರೆ ದಾಟಿದ್ದರೆ ನಾನು ಮೀನು ಹಿಡಿಯಲು ಇಳಿಯುವುದಿಲ್ಲ. ಇವತ್ತು ನೋಡಿದರೆ ಕಂಬಕ್ಕೆ ಮೈತುಂಬ ಅರಿಶಿನ, ಉದ್ದಕ್ಕೂ ಕುಂಕುಮದ ಬೊಟ್ಟು, ನೆತ್ತಿಯಲ್ಲಿ ದಾಸವಾಳ. ಒಂದು ಅಂಕಿಯೂ ಕಾಣದು. ಬೊಗಸೆ ನೀರು ಹಾಕಿ ಉಜ್ಜತೊಡಗಿದೆ.

"ಏನ್ ಸಾ, ನಾನ್ ಪೂಜೆ ಮಾಡಿರೋದ ಅಳಿಸ್ತಾ ಇದ್ದೀರಲ್ಲ!" ಎಂದರು ಬಟ್ಟೆ ಒಗೆಯುತ್ತಿದ್ದ ಅಜ್ಜಿ.

"ಇದು ದೇವ್ರಲ್ಲ ಅಜ್ಜಿ, ನೀರಿನ ಅಳತೆ ಕಂಬ. ನಂಬರ್ ಕಾಣ್ದಿದ್ರೆ ತೆಪ್ಪ ಇಳಿಸೋದು ಹೆಂಗೆ?"

ಅಷ್ಟರಲ್ಲಿ ಅಂಕಿ ಕಂಡಿತು. ನೀರು ಇನ್ನೂ ಮೂರನ್ನೇ ಮುಟ್ಟಿರಲಿಲ್ಲ. ದಡದಲ್ಲಿ ತೆಪ್ಪ ಇಟ್ಟುಕೊಂಡು ಕಾಯುತ್ತಿದ್ದ ಅಂಬಿಗ ಮಾದೇವನಿಗೆ "ನಡಿ, ಏನೂ ಭಯ ಇಲ್ಲ" ಎಂದೆ.

ಅಜ್ಜಿ ತಲೆಯೆತ್ತಿ ಕಂಬ ನೋಡಿದರು. "ಓಗ್ಬ್ಯಾಡಿ ಕಣಪ್ಪಾ. ಒತ್ತಾರೆ ಐದ್ ಬೊಟ್ಟು ಮಡಗಿದ್ದೆ. ಕೆಳಗಿನ ಎಲ್ಡೂ ಈಗ ನೀರೊಳಗವೆ. ಒಳೆ ಏರ್ತಾ ಅದೆ."

ಬಗ್ಗಿ ನೋಡಿದೆ. ನೀರಿನಡಿ ಎರಡು ಕೆಂಪು ಬೊಟ್ಟು ಕರಗುತ್ತಿದ್ದವು. ಮಾದೇವ ತೆಪ್ಪವನ್ನು ತಲೆಯ ಮೇಲೆ ಬೋರಲು ಹೊತ್ತು ಮೆಟ್ಟಿಲು ಹತ್ತಿಬಿಟ್ಟ.

ಅಜ್ಜಿ ಕುಂಕುಮದ ಡಬ್ಬಿ ಚಾಚಿದರು. "ಉಜ್ಜಿದ್ ಜಾಗಕ್ಕೆ ನೀವೇ ಮಡಗಿ."

ನಾಲ್ಕನೇ ಗೆರೆಯ ಮೇಲೆ ಸರಿಯಾಗಿ ಒಂದು ದಪ್ಪ ಬೊಟ್ಟು ಇಟ್ಟು, ಕೈ ಮುಗಿದು ಬಂದೆ. ನಾನು ದೇವರ ಕೋಣೆಗೆ ಕಾಲಿಡುವುದಿಲ್ಲವೆಂದು ಮದುವೆಯಾದಾಗಿನಿಂದ ಜಗಳವಾಡುತ್ತಲೇ ಇರುವ ನನ್ನ ಹೆಂಡತಿಗೆ ಈ ಪೋಸ್ಟ್ ಯಾರೂ ತೋರಿಸಬೇಡಿ.