ಎರಡನೆಯ ಒಲೆ

ಮನೆಯ ಯಜಮಾನಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಎರಡು ಸಾವಿರ ನಮ್ಮ ಮನೆಗೂ ಬರುತ್ತಿತ್ತು, ಅತ್ತೆಯ ಖಾತೆಗೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ. ದಾಂಡೇಲಿಯಲ್ಲಿ ನನ್ನ ಗಂಡನ ಗುತ್ತಿಗೆ ಕೆಲಸ ಮುಗಿದ ಮೇಲೆ ಆ ದುಡ್ಡೊಂದೇ ಗ್ಯಾರಂಟಿ. ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

"ಬ್ಯಾರೆ ಕಾರ್ಡ್ ಮಾಡಿಸ್, ನೀನೂ ಯಜಮಾನಿ ಆಗ್ತಿ," ಎಂದಳು ಪಕ್ಕದ ಮನೆಯಾಕೆ. ಬೇರೆ ಕಾರ್ಡು ಬೇಕಾದರೆ ಬೇರೆ ಒಲೆ ಇರಬೇಕಂತೆ, ಆಹಾರ ಇಲಾಖೆಯ ಸಾಹೇಬರು ಬಂದು ನೋಡುತ್ತಾರಂತೆ.

"ಸುಳ್ಳ ಒಲಿ ಅತ್ತಿ, ಅವ್ರು ಬಂದು ಹೋದ ಕೂಡ್ಲೆ ಕೆಡವತೇನಿ," ಎಂದೆ. ಅತ್ತೆ ತಾವೇ ಮಣ್ಣು ಕಲಸಿ, ಹಿತ್ತಿಲಲ್ಲಿ ನನಗೊಂದು ಒಲೆ ಹಾಕಿಕೊಟ್ಟರು.

ಅರ್ಜಿ ಕೊಟ್ಟು ಕಾದದ್ದೇ ಬಂತು, ಸಾಹೇಬರು ಬರಲೇ ಇಲ್ಲ. ಮಸಿ ಹಿಡಿಯದ ಒಲೆ ಕಂಡರೆ ಕೆಲಸ ಕೆಟ್ಟಂತೆಯೇ ಎಂದು ನಾನು ದಿನಾ ಅದರಲ್ಲೇ ಅಡುಗೆ ಮಾಡತೊಡಗಿದೆ. ಬೀದಿಯಲ್ಲಿ ಬೈಕಿನ ಸದ್ದಾದರೆ ಸಾಕು, ಓಡಿಹೋಗಿ ಉರಿ ಜೋರು ಮಾಡುತ್ತಿದ್ದೆ. ಮಕ್ಕಳು ನನ್ನ ಒಲೆಯ ಮುಂದೆ, ಅತ್ತೆ ಒಳಗೆ ತಮ್ಮ ಒಲೆಯ ಮುಂದೆ. ಗಂಡ ಮಾತ್ರ ಎರಡೂ ಕಡೆ ಉಂಡು ಹೊಟ್ಟೆ ಸವರಿಕೊಂಡ, ಸರ್ಕಾರದ ಲಾಭ ಮೊದಲು ಸಿಕ್ಕಿದ್ದು ಅವನಿಗೇ. ಸುಳ್ಳು ಯಾಕೆ ಹೇಳಲಿ, ನನ್ನ ಉಪ್ಪು ನನ್ನ ಖಾರ ನನಗೂ ಹಿತವಾಗಿತ್ತು.

ಕೊನೆಗೊಂದು ದಿನ ಸಾಹೇಬರು ಬಂದರು. ಒಲೆ ನೋಡಿ ಅತ್ತೆಯತ್ತ ತಿರುಗಿದರು. "ಸೊಸಿ ಖರೇನ ಬ್ಯಾರೆ ಆಗ್ಯಾಳೇನ್ರಿ?"

ಅತ್ತೆ ತಲೆ ಎತ್ತಲಿಲ್ಲ.

"ಹೌದ್ರಿ. ಬ್ಯಾರೆ ಆಗ್ಯಾಳ," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಾಹೇಬರು ಕಾಗದದಲ್ಲಿ ಬರೆದುಕೊಂಡರು.

"ಏನ್ ನಾಟಕ ಮಾಡಿದ್ರಿ ಅತ್ತಿ!" ಎಂದು ಅವರು ಹೋದ ಮೇಲೆ ನಕ್ಕೆ. ಅತ್ತೆ ನಗಲಿಲ್ಲ.

ಈಗ ನಾನೂ ಯಜಮಾನಿ, ನನ್ನ ಖಾತೆಗೂ ದುಡ್ಡು ಬರುತ್ತದೆ. ಮೊದಲ ಕಂತು ಬಂದ ದಿನವೇ ಒಲೆ ಕೆಡವಲು ಗುದ್ದಲಿ ಹಿಡಿದಿದ್ದೆ. "ಇರ್ಲಿ ಬಿಡು, ಮತ್ತ ನೋಡಾಕ ಬಂದ್ರ?" ಎಂದರು ಅತ್ತೆ. ಅದೂ ಹೌದೆನ್ನಿಸಿ ಗುದ್ದಲಿ ಮೂಲೆಗಿಟ್ಟೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ, ಒಲೆಯ ಮುಂದೆ ಕೂತರೆ ಎದ್ದು ಒಳಗೆ ಹೋಗಬೇಕೆನಿಸುತ್ತದೆ, ಒಳಗೆ ಹೋದರೆ ಏನು ಮಾತಾಡಬೇಕೋ ತಿಳಿಯುವುದಿಲ್ಲ.

ಮೊದಲೆಲ್ಲ ನಾನು ಅಡುಗೆಗೆ ನಿಂತರೆ ಕೇಳದೇ ಮುಚ್ಚಳ ತೆಗೆದು ಉಪ್ಪು ನೋಡುತ್ತಿದ್ದವರು ಅವರು. ನಾನು ಸಿಡುಕುತ್ತಿದ್ದೆ. ಮೊನ್ನೆ ಹಿತ್ತಿಲ ಬಾಗಿಲಿಗೆ ಬಂದು ಹೊಸ್ತಿಲಲ್ಲೇ ನಿಂತರು.

"ನಿನ್ನ ಒಲಿಯಾಗಿಂದ ಒಂದ್ ಕೆಂಡ ತಗೋಲೇನವಾ?"