ಚೈನಿನ ಮೇಲಿನ ಕುಂಕುಮ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರಗಳ ಚೈನುಗಳಿಗೆ ಎಣ್ಣೆ ಬಿಟ್ಟ ಗುರುತು ಅದು. ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಮದುವೆಗೆ ಬಂದಾಗಲೂ ಉಗುರು ಹಾಗೆಯೇ ಇರುತ್ತಿತ್ತು. ಮುಗಳಖೋಡದ ನಮ್ಮ ಓಣಿಗೆಲ್ಲ ಅವರು ಫಿಟ್ಟರ್ ಕಾಕಾ. ನಿವೃತ್ತರಾದ ಮೇಲೂ ಹಿಟ್ಟಿನ ಗಿರಣಿಯ ಮುಂದೆ ನಿಂತು ಕಿವಿಗೊಟ್ಟು, "ಇದಕ್ಕ ನೀರಡಿಕಿ ಆಗೈತಿ" ಎಂದು ಹೇಳಿ ಹೋಗುತ್ತಿದ್ದರು.

ನನ್ನ ಸೋದರಮಾವನ ಬೆಲ್ಲದ ಗಾಣದಲ್ಲಿ ನಡೆದದ್ದನ್ನು ನಾನು ಎದುರಿಗಿದ್ದು ಕಂಡೆ. ಹಂಗಾಮಿನ ಮೊದಲ ವಾರ. ಎಂಜಿನ್ನಿನಿಂದ ಗಾಣಕ್ಕೆ ಹೋಗುವ ಚೈನು ಕಿರುಗುಟ್ಟುತ್ತ, ಹಲ್ಲುಗಾಲಿಯಿಂದ ಹಾರಿಬಿತ್ತು. ಹೊಸ ಚೈನು ಬರಲು ಮೂರು ದಿನ ಬೇಕು. ಕಡಿದ ಎರಡು ಟ್ರಾಲಿ ಕಬ್ಬು ಅಂಗಳದಲ್ಲಿತ್ತು. ಅಷ್ಟು ದಿನ ಬಿಟ್ಟರೆ ರಸ ಕೆಟ್ಟು ಬೆಲ್ಲ ಗಟ್ಟಿಯಾಗುವುದಿಲ್ಲ.

ಕಾಕಾ ಬಂದು ಚೈನನ್ನು ಹೆಬ್ಬೆರಳಿನಿಂದ ಉಜ್ಜಿದರು. ಕೆಂಪು ಪುಡಿ ಹತ್ತಿತು.

"ಅದು ಖಂಡೇಪೂಜಿ ಕುಂಕುಮ ಐತ್ರಿ ಕಾಕಾ" ಎಂದ ಮಾವ. ದಸರೆಯಲ್ಲಿ ಆಯುಧ, ಯಂತ್ರಗಳನ್ನು ಪೂಜಿಸುವ ಪ್ರತಿ ಖಂಡೇಪೂಜೆಗೂ ಆತ ಚೈನಿಗೆ ಕುಂಕುಮ, ಭಂಡಾರದ ಅರಿಶಿನ ಬಳಿದು, ಮೇಲೆ ಕೈತುಂಬ ಗ್ರೀಸ್ ಮೆತ್ತುತ್ತಿದ್ದ.

ಕಾಕಾ ಎಲ್ಲವನ್ನೂ ಒರೆಸಿ, ಚೈನು ಏರಿಸಿ, ಕಬ್ಬು ಹಾಕದೆ ಐದು ನಿಮಿಷ ನಿಧಾನವಾಗಿ ಓಡಿಸಿದರು. ನಿಲ್ಲಿಸಿ ನೋಡಿದರೆ ಗೆಣ್ಣುಗೆಣ್ಣಿಗೂ ಮತ್ತೆ ಕೆಂಪು.

"ಈಗ ಯಾರ ಬಂದು ಪೂಜಾ ಮಾಡಿದ್ರಲೇ?"

ಮಾವ ಬಗ್ಗಿ ಗೆಣ್ಣನ್ನು ಮುಟ್ಟಿ ನೋಡಿದ.

"ಒಳಗ ಕಬ್ಬಿಣ ಒಣಗಿ ತುಕ್ಕಿನ ಪುಡಿ ಉದರಾಕತ್ತೈತಿ. ನೀ ಬರೇ ಮ್ಯಾಲ ಮೋತಿಗೆ ಗ್ರೀಸ್ ಹಚ್ಚೀದಿ. ಒಳಗ ಹನಿ ಎಣ್ಣಿ ಹೋಗಿಲ್ಲ."

ಚೈನು ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆಸಿದರು. ಬಿಗಿದಿದ್ದ ಒಂದೊಂದು ಗೆಣ್ಣನ್ನೂ ಕೈಯಲ್ಲಿ ಆಡಿಸಿ ಸಡಿಲಿಸಿ, ತೆಳು ಎಣ್ಣೆಯಲ್ಲಿ ಮುಳುಗಿಸಿಟ್ಟರು. ಮಾವ ಅವಸರ ಮಾಡಿದ.

"ತಡಿ, ಅದು ಕುಡೀಲಿ."

ಮಧ್ಯಾಹ್ನ ಎಂಜಿನ್ ಹೊತ್ತಿತು. ಚೈನು ಕಿರುಗುಟ್ಟಲಿಲ್ಲ. ಸಂಜೆಯೊಳಗೆ ಒಂದು ಟ್ರಾಲಿ ಮುಗಿಯಿತು, ಮರುದಿನ ಇನ್ನೊಂದು. ಬೆಲ್ಲ ಹೊನ್ನಿನ ಬಣ್ಣದಲ್ಲಿ ಗಟ್ಟಿಯಾಗಿ ಕಟ್ಟಿತು. ಮೂರನೆಯ ದಿನ ಬಂದ ಹೊಸ ಚೈನು ಇಂದಿಗೂ ಗೋಣಿಚೀಲ ಬಿಟ್ಟು ಹೊರಬಂದಿಲ್ಲ.

ಕಾಕಾ ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಉದ್ದ ಮೂತಿಯ ಎಣ್ಣೆ ಡಬ್ಬಿಯನ್ನು ಮನೆಯವರು ಮಾವನಿಗೆ ಕೊಟ್ಟರು. ಈ ಸಲದ ಖಂಡೇಪೂಜೆಗೂ ಗಾಣದಲ್ಲಿ ಅದೇ ಹಳೆಯ ಚೈನು ಇತ್ತು. ಅದರ ಮೇಲೆ ಚಿಟಿಕೆ ಕುಂಕುಮವೂ ಇರಲಿಲ್ಲ. ಮಾವ ಭಂಡಾರ ಹಚ್ಚಿದ್ದು ಆ ಡಬ್ಬಿಗೆ. ಹಚ್ಚಿದ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು.