ಡೋಣಿಯ ತೆಪ್ಪದ ಮೇಲೆ ಬೂಟು

ತೆಪ್ಪದ ಮೇಲೆ ನಿಲ್ಲುವುದನ್ನು ನಾನು ಕಲಿತದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಮೊಣಕಾಲಿಗಿಂತ ಆಳದ ನೀರಿಗೆ ಇಳಿದವನೇ ಅಲ್ಲ. ನಮ್ಮದು ಮನಗೂಳಿಯ ಆಚೆಗಿರುವ ಎರೆಹೊಲದ ಸಣ್ಣ ಊರು. ಈಜಲು ಬಾವಿಗಳಿದ್ದವು, ಆದರೆ ಅವ್ವನ ತಮ್ಮನೊಬ್ಬ ಬಾವಿಯಲ್ಲೇ ಮುಳುಗಿ ಹೋಗಿದ್ದರಿಂದ ಅವಳು ನನ್ನನ್ನು ಬಾವಿಯ ಕಟ್ಟೆ ಹತ್ತಲೂ ಬಿಟ್ಟಿರಲಿಲ್ಲ. ಹೀಗಾಗಿ ಎಪ್ಪತ್ತರ ದಶಕದ ನಡುವೆ ಒಂದು ಮಳೆಗಾಲದಲ್ಲಿ ನನಗೆ ಡೋಣಿ ಹೊಳೆಯ ನೀರು ಅಳೆಯುವ ನೌಕರಿ ಸಿಕ್ಕಾಗ, ಮನೆಯಲ್ಲಿ ಹೊಳೆಯ ಮಾತನ್ನೇ ಎತ್ತದೆ, ಸರ್ವೇ ಕಚೇರಿಯಲ್ಲಿ ಕೆಲಸ ಎಂದಷ್ಟೇ ಹೇಳಿದೆ.

ಡೋಣಿ ದೊಡ್ಡ ಹೊಳೆಯೇನಲ್ಲ. ಬೇಸಿಗೆಯಲ್ಲಿ ಅದರ ಮಡುಗಳಲ್ಲಿ ನಿಲ್ಲುವ ನೀರು ಉಪ್ಪುಪ್ಪು, ದನಗಳೂ ಮುಖ ತಿರುಗಿಸುತ್ತವೆ. ಆದರೆ ಹಿಂಗಾರಿ ಮಳೆ ಬಿದ್ದಾಗ ಎರಡೂ ದಂಡೆ ತುಂಬಿ ಕಪ್ಪಗೆ ಹರಿಯುತ್ತದೆ. ಆ ಹರಿವನ್ನೇ ನಾವು ಅಳೆಯಬೇಕಾಗಿತ್ತು. ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯ ಕೆಳಗೆ, ಹೊಳೆ ಕಿರಿದಾಗುವ ಕಡೆ, ದಂಡೆಯಿಂದ ದಂಡೆಗೆ ದಪ್ಪ ಹಗ್ಗ ಬಿಗಿದಿದ್ದರು. ಹತ್ತು ಹತ್ತು ಅಡಿಗೆ ಅದಕ್ಕೆ ಕೆಂಪು ಅರಿವೆಯ ತುಂಡು ಕಟ್ಟಿತ್ತು. ನಾಲ್ಕು ಖಾಲಿ ಪೀಪಾಯಿಗಳ ಮೇಲೆ ಜಾಲಿ ಹಲಗೆ ಹೊಡೆದು ಮಾಡಿದ ತೆಪ್ಪ ಆ ಹಗ್ಗ ಹಿಡಿದುಕೊಂಡು ಅಡ್ಡಲಾಗಿ ಹೋಗಬೇಕು. ಹಿಂದೆ ನಿಂತವನು ಹಗ್ಗ ಜಗ್ಗುತ್ತ ತೆಪ್ಪ ನಡೆಸುತ್ತಾನೆ. ಮುಂದೆ ನಿಂತವನು ಪ್ರತಿ ಕೆಂಪು ಅರಿವೆಯ ಕೆಳಗೆ ಗೀಟು ಹಾಕಿದ ಉದ್ದನೆಯ ಗಳ ಇಳಿಬಿಟ್ಟು, ಆಳ ಎಷ್ಟೆಂದು ಕೂಗಿ ಹೇಳುತ್ತಾನೆ. ಇಬ್ಬರ ಎರಡೂ ಕೈಗಳು ಕೆಲಸದಲ್ಲಿರುತ್ತವೆ. ಹಿಡಿದುಕೊಳ್ಳಲು ಏನೂ ಇಲ್ಲ. ಕಾಲುಗಳ ಮೇಲೆಯೇ ಎಲ್ಲ ಭಾರ.

ಹಿಂದೆ ನಿಲ್ಲುತ್ತಿದ್ದವರು ಅದೇ ಹಳ್ಳಿಯ ಅಂಬಿಗರ ಹಿರಿಯರೊಬ್ಬರು. ಐವತ್ತೈದು ದಾಟಿದ, ಬೆತ್ತದಂಥ ಆಳು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ದಂಡೆಯ ಮೇಲೆ ಛತ್ರಿಯ ಕೆಳಗೆ ಕೂತು ನಾನು ಕೂಗಿದ್ದನ್ನು ಪುಸ್ತಕಕ್ಕೆ ಇಳಿಸುತ್ತಿದ್ದವರು ಮೈಸೂರು ಕಡೆಯ ಎಳೆಯ ಎಂಜಿನಿಯರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಒಳ್ಳೆಯ ಮನುಷ್ಯ, ಆದರೆ ನಮ್ಮ ಮಾತು ಅವರಿಗೆ ಯಾವಾಗಲೂ ಜಗಳದಂತೆಯೇ ಕೇಳಿಸುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ವಾರ ಅವರು ವಿಜಾಪುರಕ್ಕೆ ಹೋದವರು ಎರಡು ಜೊತೆ ಕ್ಯಾನ್ವಾಸ್ ಬೂಟು ತಂದರು. ಹಿಂದಿನ ವರ್ಷ ಬೇರೆ ಹೊಳೆಯಲ್ಲಿ ಅವರ ಕೈಕೆಳಗಿನ ಒಬ್ಬ ಗಾಜು ತುಳಿದು ಮೂರು ತಿಂಗಳು ಮಲಗಿದ್ದನಂತೆ.

"ಇಬ್ಬರೂ ಹಾಕ್ಕೊಳ್ಳಿ. ನಾಳೆ ಕಾಲು ಕುಯ್ದುಕೊಂಡರೆ ನಿಮ್ಮ ಮನೆಯವರಿಗೆ ನಾನು ಏನು ಹೇಳಲಿ?" ಎಂದರು.

ಕಾಕಾ ಬೂಟು ತಿರುಗಿಸಿ ಅಟ್ಟೆ ನೋಡಿದರು, ಬೆರಳಿನಿಂದ ಒತ್ತಿದರು, ವಾಪಸು ಕೊಟ್ಟರು.

"ನನಗ ಬ್ಯಾಡ್ರಿ ಸಾಹೇಬ್ರ. ಹಲಗಿ ಏನಂತೈತಿ ಅನ್ನೂದು ಅಂಗಾಲಿಗಿ ಗೊತ್ತಾಗಬೇಕ್ರಿ. ಬೂಟಿನ್ಯಾಗ ಕಾಲು ಕಿವುಡ ಆಗ್ತಾವ."

ನಾನು ಹಾಕಿಕೊಂಡೆ. ಅಲ್ಲಿಯವರೆಗೆ ನನ್ನ ಕಾಲಿಗೆ ಬಿದ್ದದ್ದು ಚಪ್ಪಲಿ ಮಾತ್ರ. ಬೂಟು ಕಟ್ಟಿಕೊಂಡು ನಡೆದರೆ ನಾನೇ ಎಂಜಿನಿಯರೇನೋ ಎನ್ನಿಸುತ್ತಿತ್ತು. ರಜೆಗೆ ಊರಿಗೆ ಹೋದಾಗ ಅದನ್ನೇ ಹಾಕಿಕೊಂಡು ಬಸ್ಸಿನಿಂದ ಇಳಿದೆ. ಅವ್ವ ಬಗ್ಗಿ ಬೂಟಿನ ಮೂಗನ್ನು ಮುಟ್ಟಿ ನೋಡಿದಳು.

ತೆಪ್ಪದ ಮೇಲೆ ಮಾತ್ರ ಅದು ಅಷ್ಟು ಒಳ್ಳೆಯ ಸಂಗಾತಿ ಆಗಿರಲಿಲ್ಲ. ಎರೆಮಣ್ಣಿನ ಕೆಸರು ಅಟ್ಟೆಗೆ ಮೆತ್ತಿಕೊಂಡು ಹಲಗೆಯ ಮೇಲೆ ಜಾರುತ್ತಿತ್ತು. ಒಳಗೆ ನೀರು ಹೊಕ್ಕರೆ ಪ್ರತಿ ಕಾಲೂ ಒಂದು ಕೊಡದಷ್ಟು ಭಾರ. ಅಲೆ ಬಂದಾಗ ಕಾಕಾನ ಕಾಲಿಗೆ ಅದು ಮೊದಲೇ ತಿಳಿಯುತ್ತಿತ್ತು, ಮೊಣಕಾಲುಗಳು ಮಡಚಿಕೊಳ್ಳುತ್ತಿದ್ದವು. ನನಗೆ ತೆಪ್ಪ ವಾಲಿದ ಮೇಲೆ ತಿಳಿಯುತ್ತಿತ್ತು. ಆದರೂ ನಾನು ಬಿಚ್ಚಲಿಲ್ಲ. ದಿನಾ ಮುಂಜಾನೆ ಇದೇ ವಾದ.

"ಬೂಟ ಕಳಿ ತಮ್ಮಾ."

"ಸಾಹೇಬ್ರು ಬೈತಾರ ಕಾಕಾ."

"ಸಾಹೇಬ್ರು ದಂಡಿ ಮ್ಯಾಲ ಅದಾರ. ನೀರಾಗ ನೀ ಅದಿ."

ದಸರೆಯ ಮುಂಚೆ ಎರಡು ದಿನ ಬಿಡದೆ ಮಳೆ ಹಿಡಿಯಿತು. ಮೂರನೆಯ ದಿನ ಹೊಳೆ ಎಂಥ ನೀರು ತಂದಿತ್ತೆಂದರೆ, ಇಂದು ಅಳೆಯದಿದ್ದರೆ ಇಷ್ಟು ದಿನ ಕೂತದ್ದೆಲ್ಲ ದಂಡ ಎಂದು ಎಂಜಿನಿಯರು ಚಡಪಡಿಸಿದರು. ಕಾಕಾ ನೀರು ನೋಡಿ "ನಡೀರಿ, ಹೋಗಬಹುದು" ಎಂದರು. ಹೊರಟೆವು.

ಐದನೆಯ ಅರಿವೆಯ ತನಕ ಎಲ್ಲ ಸರಿಯಾಗಿತ್ತು. ಆರನೆಯದರ ಕೆಳಗೆ ನಾನು ಗಳ ಇಳಿಸುವಾಗ ಹರಿವು ಅದನ್ನು ಜಗ್ಗಿತು. ಬಿಡಬೇಕಾಗಿತ್ತು, ಬಿಡಲಿಲ್ಲ. ಬಲಗಾಲು ಜಾರಿ ಎರಡು ಹಲಗೆಗಳ ಸಂದಿಗೆ ಹೋಯಿತು. ಬೂಟಿನ ಮುಂದಿನ ಭಾಗ ಅಲ್ಲಿ ಸಿಕ್ಕಿಕೊಂಡಿತು, ನಾನು ಹೊರಗೆ ಬಿದ್ದೆ. ಅಂದರೆ ಒಂದು ಕಾಲು ತೆಪ್ಪದ ಮೇಲೆ, ಉಳಿದ ಮೈಯೆಲ್ಲ ನೀರಿನಲ್ಲಿ, ತಲೆ ಕೆಳಗೆ. ಹರಿವು ನನ್ನನ್ನು ಪೀಪಾಯಿಗಳ ಅಡಿಗೆ ಒತ್ತುತ್ತಿತ್ತು. ಎದ್ದೇಳಲು ಕೈಗೆ ಏನೂ ಸಿಗಲಿಲ್ಲ. ನೀರಿನೊಳಗೆ ಪೀಪಾಯಿಗಳು ಒಂದಕ್ಕೊಂದು ಬಡಿಯುವ ಸದ್ದು ಮಾತ್ರ ಇಂದಿಗೂ ನೆನಪಿದೆ.

ಮುಂದಿನದನ್ನು ಎಂಜಿನಿಯರು ಹೇಳಿ ನಾನು ತಿಳಿದದ್ದು. ಕಾಕಾ ಹಗ್ಗವನ್ನು ಬಗಲಿಗೆ ಸಿಕ್ಕಿಸಿಕೊಂಡು ಮುಂದೆ ಬಂದು, ಲೇಸಿನ ಗಂಟು ಬಿಚ್ಚಲು ನೋಡಿದರು. ಅದು ನೀರು ಕುಡಿದು ಕಲ್ಲಾಗಿತ್ತು. ಎಲೆಅಡಿಕೆ ಚೀಲದಿಂದ ಅಡಕೊತ್ತು ತೆಗೆದು, ಅಡಿಕೆ ಕತ್ತರಿಸಿದಂತೆ ಲೇಸನ್ನು ಒಂದೊಂದೇ ಎಳೆಯಾಗಿ ಕತ್ತರಿಸಿದರು. ಕಾಲು ಬೂಟಿನಿಂದ ಕಳಚಿಕೊಂಡ ಕ್ಷಣಕ್ಕೆ ಪಾದ ಗಟ್ಟಿಯಾಗಿ ಹಿಡಿದು ನನ್ನನ್ನು ಹಿಂದಕ್ಕೆ ಎಳೆದು ಹಾಕಿದರು. ಎಂಜಿನಿಯರು ಅಷ್ಟರಲ್ಲಿ ಎದೆಮಟ್ಟ ನೀರಿಗೆ ಇಳಿದು ಕೂಗುತ್ತಿದ್ದರು. ಅವರಿಗೂ ಈಜು ಬರುತ್ತಿರಲಿಲ್ಲವೆಂದು ಆ ಮೇಲೆ ಗೊತ್ತಾಯಿತು.

ದಂಡೆಗೆ ಬಂದು ನಾನು ಹೊಟ್ಟೆಯ ನೀರೆಲ್ಲ ಕಾರಿದ ಮೇಲೆ ಕಾಕಾ ಕೇಳಿದ್ದು ಒಂದೇ ಮಾತು: "ಆರನೇದ್ದು ಎಷ್ಟಿತ್ತೋ?"

ಮರುದಿನ ಮುಂಜಾನೆ ಎಂಜಿನಿಯರು ನನ್ನ ಬರಿಗಾಲು ನೋಡಿದರು, ಪುಸ್ತಕ ತೆರೆದು ಕೂತರು. ಎರಡು ದಿನ ಕಳೆದ ಮೇಲೆ ತಾವಾಗಿಯೇ "ತಪ್ಪು ನಂದು ಕಣಪ್ಪ" ಎಂದರು. ಸಾಹೇಬರೊಬ್ಬರು ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಇರಲಿ ಬಿಡ್ರಿ ಸರ" ಎಂದೆ.

ಮುಂದಿನ ಒಂದು ತಿಂಗಳು ನಾನು ಬರಿಗಾಲಿನ ದೊಡ್ಡ ವಕೀಲನಾದೆ. ಬೆರಳುಗಳನ್ನು ಅಗಲಿಸಿ ಹಲಗೆಯ ಅಂಚನ್ನು ಹಿಡಿಯುವುದು, ಹಿಮ್ಮಡಿ ಊರದೆ ಅಂಗಾಲಿನ ಮುಂಭಾಗದ ಮೇಲೆ ನಿಲ್ಲುವುದು, ಅಲೆ ಬರುವ ಮೊದಲು ಹಲಗೆಯಲ್ಲಿ ಹುಟ್ಟುವ ಸಣ್ಣ ನಡುಕವನ್ನು ಅರಿಯುವುದು, ಎಲ್ಲವನ್ನೂ ಕಾಕಾನಿಂದ ಕಲಿತೆ. ಊರಿಗೆ ಹೋದಾಗ ಬೂಟು ಎಲ್ಲಿ ಎಂದು ಅವ್ವ ಕೇಳಿದಳು. ಹರಿದವು ಎಂದೆ.

ಆಮೇಲೆ ಕಾಕಾನ ಕಾಲಿಗೆ ಮುಳ್ಳು ನಟ್ಟಿತು. ಹೊಳೆಯಲ್ಲಿ ತೇಲಿ ಬಂದ ಜಾಲಿಯ ಕೊಂಬೆಯೊಂದು ತೆಪ್ಪಕ್ಕೆ ಸಿಕ್ಕಿಕೊಂಡಿತು. ಕೈ ಖಾಲಿ ಇಲ್ಲದ್ದರಿಂದ ಕಾಕಾ ಅದನ್ನು ಕಾಲಿನಿಂದಲೇ ಒದ್ದು ತಳ್ಳಿದರು. ಎಡಗಾಲಿನ ಹೆಬ್ಬೆರಳಿನ ಬುಡಕ್ಕೆ ಮುಳ್ಳು ಹೊಕ್ಕು ಒಳಗೇ ಮುರಿಯಿತು. ಸಂಜೆ ಕಾಕು ಸೂಜಿಯಿಂದ ಕೆದಕಿ ಒಂದು ಚೂರು ತೆಗೆದು ಅರಿಶಿಣ ಮೆತ್ತಿದರು. ಮರುದಿನ ಕಾಕಾ ಮತ್ತೆ ಅದೇ ಕಾಲಿನಿಂದ ಕೆಸರು ನೀರಿಗೆ ಬಂದರು. ಕಾಲು ಊದಿದ್ದು ನನಗೆ ಕಾಣಿಸಿತ್ತು. ನಾನೇ ಬರಿಗಾಲಿನ ಹೆಮ್ಮೆಯಲ್ಲಿದ್ದೆ, ಏನೂ ಹೇಳಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ.

ನಾಲ್ಕನೆಯ ದಿನ ಜ್ವರ ಬಂದು ಮಾತು ತೊದಲತೊಡಗಿತು. ಎತ್ತಿನ ಬಂಡಿಯಲ್ಲಿ ಡಾಂಬರು ರಸ್ತೆಯವರೆಗೆ ತಂದು, ಬಸ್ಸಿಗೆ ಕೈ ಮಾಡಿ, ಕಾಕು ಮತ್ತು ನಾನು ಅವರನ್ನು ಬಸವನ ಬಾಗೇವಾಡಿಯ ದವಾಖಾನೆಗೆ ಒಯ್ದೆವು. ಡಾಕ್ಟರು ಕಾಲು ನೋಡಿ, ಹೆಬ್ಬೆರಳು ತೆಗೆಯದಿದ್ದರೆ ಪಾದವೇ ಹೋಗುತ್ತದೆ ಎಂದರು.

ಜ್ವರದಲ್ಲಿಯೇ ಕಾಕಾ ಕೇಳಿದರು, "ಹೆಬ್ಬೆರಳು ಹ್ವಾದ್ರ ತೆಪ್ಪದ ಮ್ಯಾಲ ನಿಂದರಾಕ ಬರ್ತೈತೇನ್ರಿ?"

"ಮೊದಲ ಜೀವಾ ಉಳಸ್ಕೋ ಯಜಮಾನ. ನಿಂದ್ರೂದು ಆಮ್ಯಾಲ ನೋಡೂಣು" ಎಂದರು ಡಾಕ್ಟರು.

ಕಾಕು ಅಳಲಿಲ್ಲ. "ತೆಗೀರಿ" ಎಂದರು, ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದು ಗೋಡೆಗೆ ಒರಗಿ ಕೂತರು. ನಾನು ಚಹಾ ತಂದುಕೊಟ್ಟೆ. ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು.

ಇತ್ತ ಹೊಳೆ ನಿಂತಿರಲಿಲ್ಲ, ಅಳತೆಯೂ ನಿಲ್ಲುವಂತಿರಲಿಲ್ಲ. ಹಗ್ಗ ಹಿಡಿಯಲು ಊರಿನ ಒಬ್ಬಿಬ್ಬರು ಬಂದರು, ಅರ್ಧಕ್ಕೆ ಹೋಗಿ ತಿರುಗಿ ಬಂದರು. ಒಂದು ದಿನ ಎಂಜಿನಿಯರೇ ಹತ್ತಿದರು. ಬೂಟು ಹಾಕಿಕೊಂಡು ನಿಂತರೆ ಜಾರುತ್ತಿದ್ದರು. ಬಿಚ್ಚಿದರೆ ಅವರ ಎಳೆ ಅಂಗಾಲಿಗೆ ಹಲಗೆಯ ಸಿಬಿರು ಚುಚ್ಚುತ್ತಿತ್ತು. ಎರಡನೆಯ ಅರಿವೆಯ ಹತ್ತಿರ ಹಗ್ಗ ತಬ್ಬಿಕೊಂಡು ಕೂತೇಬಿಟ್ಟರು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. ಅವರಲ್ಲಿ, ಕಾಕಾನ ಹತ್ತಿರ ಅವರ ತಂಗಿಯನ್ನು ಬಿಟ್ಟು ಬಾಗೇವಾಡಿಯಿಂದ ಬಟ್ಟೆ ಒಯ್ಯಲು ಬಂದಿದ್ದ ಕಾಕು ಕೂಡ ಇದ್ದರು.

ನಾವು ಹೇಗೋ ದಂಡೆಗೆ ಬಂದಾಗ ಕಾಕು ಕೇಳಿದರು, "ನಾ ಹಿಡೀಲೇನ್ರಿ ಹಗ್ಗ?"

ಎಂಜಿನಿಯರು ನನ್ನ ಮುಖ ನೋಡಿದರು. "ನಿಮಗೆ ಬರುತ್ತಾ?"

"ಲಗ್ನ ಆಗಿ ಬಂದಾಗಿಂದ ಈ ಹೊಳಿ ದಾಟೇನ್ರಿ. ಇವರಿಗಿ ಜ್ವರ ಬಂದಾಗೆಲ್ಲ ಮಂದೀನ ಯಾರು ದಾಟಸ್ತಿದ್ರು ಅಂತೀರಿ?"

ಹಾಗೆಂದವರು ಮನೆಗೆ ಹೋಗಿ, ಹಳೆಯ ಗೋಣಿಚೀಲವೊಂದನ್ನು ಉದ್ದುದ್ದ ಪಟ್ಟಿ ಮಾಡಿ ಹರಿದುಕೊಂಡು ಬಂದರು. ಸೀರೆಗೆ ಕಚ್ಚೆ ಹಾಕಿ, ಪಟ್ಟಿಗಳನ್ನು ನೀರಿನಲ್ಲಿ ಅದ್ದಿ, ಪಾದದ ಸುತ್ತ, ಕಾಲುಂಗುರಗಳ ಮೇಲೆಯೂ, ಬಿಗಿಯಾಗಿ ಸುತ್ತಿದರು. ಹಿಮ್ಮಡಿ, ಬೆರಳುಗಳ ತುದಿ ಬಿಟ್ಟು ಉಳಿದದ್ದೆಲ್ಲ ಮುಚ್ಚಿತು. ಹಲಗೆಯ ಮೇಲೆ ಕಾಲಿಟ್ಟರೆ ಒದ್ದೆ ಗೋಣಿ ಹಲ್ಲಿಯ ಹಾಗೆ ಕಚ್ಚಿ ಹಿಡಿಯುತ್ತಿತ್ತು. ಸಿಬಿರು ತಾಗುತ್ತಿರಲಿಲ್ಲ, ಆದರೆ ಹಲಗೆಯ ನಡುಕ ತಿಳಿಯುತ್ತಿತ್ತು.

"ಇದು ಎಲ್ಲಿ ಕಲ್ತಿ ಕಾಕು?" ಎಂದೆ.

"ಹತ್ತಿ ಕಟಗಿ ಕಡದ ಹೊಲದಾಗ ಉಳದ ಕೂಳಿ ಚುಚ್ಚತಾವಲ್ಲ, ಅಲ್ಲಿ ನಾವು ಹೆಣ್ಮಕ್ಕಳು ಹಿಂಗ ಸುತ್ಕೋತೇವಿ."

"ಮೊದಲ ಯಾಕ ಹೇಳಲಿಲ್ಲ?"

"ಯಾರು ಕೇಳೀರಿ? ಮೂರೂ ಮಂದಿ ಬೂಟು, ಬರಿಗಾಲು ಅಂತ ಮುಂಜಾನೆದ್ದು ಜಗಳಾಡತಿದ್ರಿ. ನಾ ರೊಟ್ಟಿ ಬುತ್ತಿ ಇಟ್ಟು ಹೋಗತಿದ್ದೆ."

ಅಂದು ಹನ್ನೊಂದೂ ಅರಿವೆಗಳ ಅಳತೆ ಮುಗಿಯಿತು. ಮರುದಿನ ನನ್ನ ಕಾಲಿಗೂ ಕಾಕು ಗೋಣಿ ಸುತ್ತಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಎಂಜಿನಿಯರೂ ಒಂದು ಜೊತೆ ಪಟ್ಟಿ ಕೇಳಿ ತೆಗೆದುಕೊಂಡರು.

ಕಾಕಾ ಮೂರು ವಾರದ ಮೇಲೆ ಕೋಲು ಊರಿಕೊಂಡು ಬಂದರು. ತಮ್ಮ ಜಾಗದಲ್ಲಿ ಹೆಂಡತಿ ಹಗ್ಗ ಜಗ್ಗುವುದನ್ನು ದಂಡೆಯ ಮೇಲೆ ಕೂತು ನೋಡಿದರು. ಮೊದಲೆರಡು ದಿನ ಅವರ ಮುಖ ಗಂಟಿಕ್ಕಿಯೇ ಇತ್ತು. ಮನೆಯಲ್ಲಿ ಕಾಕುವಿನ ಜೊತೆ ಮಾತೂ ಬಿಟ್ಟಿದ್ದರೆಂದು ಕೇಳಿದೆ. ಮೂರನೆಯ ದಿನ ತಡೆಯಲಾರದೆ ದಂಡೆಯಿಂದಲೇ ಕೂಗಿದರು: "ಏ, ಹಂಗ ಜಗ್ಗಬ್ಯಾಡ! ಮೈಭಾರ ಹಾಕು, ತೋಳಿಂದಲ್ಲ!"

"ನೀವ ಬಂದು ತೋರಸ್ರಲ್ಲ!" ಎಂದು ಕಾಕು ಹೊಳೆಯ ನಡುವಿನಿಂದ ತಿರುಗಿ ಕೂಗಿದರು.

ಆ ಸಂಜೆ ನೀರು ಇಳಿದು ಹರಿವು ಸಣ್ಣದಾದ ಮೇಲೆ ಕಾಕಾ ನಿಜವಾಗಿಯೂ ಬಂದರು. ಕಾಕು ಅವರ ಎರಡೂ ಕಾಲಿಗೆ ಗೋಣಿ ಸುತ್ತಿದರು. ಬೆರಳಿಲ್ಲದ ಜಾಗಕ್ಕೆ ಅರಿವೆಯ ಉಂಡೆ ಇಟ್ಟು, ಅದರ ಮೇಲೆ ಇನ್ನೊಂದು ಸುತ್ತು. ಒಂದು ಕಡೆ ನಾನು, ಒಂದು ಕಡೆ ಕಾಕು ಹಿಡಿದು ಅವರನ್ನು ತೆಪ್ಪಕ್ಕೆ ಹತ್ತಿಸಿದೆವು. ದಂಡೆಯಿಂದ ತುಸು ದೂರ ಹೋದ ಮೇಲೆ ಅವರು ನಮ್ಮಿಬ್ಬರ ಕೈಯನ್ನೂ ಬಿಡಿಸಿಕೊಂಡರು. ನಿಂತರು. ಬಲಗಾಲು ಹಲಗೆಯನ್ನು ಹಿಡಿಯಿತು, ಎಡಗಾಲು ಹಿಡಿಯಲಿಲ್ಲ. ತೆಪ್ಪ ಒಮ್ಮೆ ತೂಗಿತು, ಅವರು ಎಡಕ್ಕೆ ವಾಲಿದರು, ಸಾವರಿಸಿಕೊಂಡರು, ಮತ್ತೆ ವಾಲಿದರು. ನಾನು ಕೈ ಚಾಚುವುದರೊಳಗೆ ತಾವೇ ಮೆಲ್ಲಗೆ ಕುಕ್ಕರಿಸಿ ಕೂತರು.

ಕಾಕಾ ಕೈ ಚಾಚಿ ಹೊಳೆಯ ನೀರು ತೆಗೆದು ಮುಖ ತೊಳೆದುಕೊಂಡರು. ಆಮೇಲೆ "ಕುಂತ ಹಗ್ಗ ಹಿಡದ್ರೂ ತೆಪ್ಪ ಹೋಗ್ತೈತಿ. ನೀ ನಿಂತು ಜಗ್ಗು, ನಾ ಕುಂತು ಜಗ್ಗತೇನಿ" ಎಂದರು ಕಾಕುವಿಗೆ.

ಆ ಹಂಗಾಮು ಮುಗಿಯುವವರೆಗೆ ಹಾಗೆಯೇ ನಡೆಯಿತು. ಹಿಂದೆ ಕಾಕು ನಿಂತು, ನಡುವೆ ಕಾಕಾ ಕೂತು, ಮುಂದೆ ನಾನು ಗಳ ಹಿಡಿದು. ಮೂವರ ಭಾರಕ್ಕೆ ತೆಪ್ಪ ಮೊದಲಿಗಿಂತ ಕಡಿಮೆ ತೂಗಾಡುತ್ತಿತ್ತು. ಎಂಜಿನಿಯರು ಕಾಕುವಿನ ಹೆಸರನ್ನೂ ಹಾಜರಿ ಪುಸ್ತಕಕ್ಕೆ ಹಚ್ಚಿದರು. ಎರಡೂ ದಂಡೆಯ ಜೋಳ ತೆನೆ ಹಿಡಿಯುವ ಹೊತ್ತಿಗೆ ನೀರು ಎಷ್ಟು ಇಳಿಯಿತೆಂದರೆ, ಒಂದು ಮುಂಜಾನೆ ನಾಲ್ಕನೆಯ ಅರಿವೆಯ ಹತ್ತಿರ ತೆಪ್ಪ ಉಸುಕಿಗೆ ತಾಗಿ ನಿಂತಿತು, ಆ ವರ್ಷದ ಅಳತೆ ಅಲ್ಲಿಗೆ ಮುಗಿಯಿತು. ಕಾಕು ಸೀರೆ ಎತ್ತಿ ಹಿಡಿದು ಕೆಳಗಿಳಿದರು. ಮೊಣಕಾಲುಮಟ್ಟ ನೀರು. ಕಾಕಾನ ಕೈ ಹಿಡಿದು ಇಳಿಸಿದರು, ಇಬ್ಬರೂ ಆಚೆ ದಂಡೆಗೆ ನಡೆದುಕೊಂಡೇ ಹೋದರು. ಅಲ್ಲಿ ಅವರ ಕಡಲೆ ಹೊಲವಿತ್ತು, ಅಂದು ಅಲ್ಲಿ ಅವರಿಗೆ ಕೆಲಸವಿತ್ತು.